ಅವರೆ ತಿಗಣೆ

ಹುಳಾನ ಮುಷ್ಟೀಲಿ ಮುಚ್ಚಿಟ್ಕೊಂಡು ಯಾವ ತಿಗಣೆ, ಯಾವ ತಿಗಣೆ ಅಂದ್ರೆ ಹೇಗಪ್ಪಾ ಹೇಳ್ಲಿ? ಬೆನ್ನು ನೋಡ್ಬೇಕು, ಮೂತಿ ನೋಡ್ಬೇಕು, ಕಾಲು ಎಣಿಸ್ಬೇಕು. ಹೆಸರು ಆಮೇಲೆ. ಮೊದ್ಲೇ ಹೆಸರು ಹೇಳಿದ್ದಕ್ಕೆ ಒಬ್ಬ ಮಂತ್ರಿಗೆ ಮನೇನೇ ತಪ್ಪಿಹೋಯ್ತು. ಕೂತ್ಕೊಳ್ಳಿ.

ಒಂದಾನೊಂದು ಊರು. ಎರಡಾಗೋಷ್ಟು ಜನ ಇರ್ಲಿಲ್ಲ, ಒಂದೇ ಆಗಿ ಉಳಿದಿತ್ತು. ಅಲ್ಲಿನ ರಾಜನಿಗೆ ಹೆಸರು ಗೊತ್ತಿಲ್ಲದ್ದು ಕಂಡ್ರೆ ಊಟ ಸೇರ್ತಿರ್ಲಿಲ್ಲ. ಒಂದಿನ ತೋಟದಲ್ಲಿ ಒಂದು ಹುಳ ಅವನ ಮೂಗಿನ ಮೇಲೆ ಕೂತು, ನಾತ ಬಿಟ್ಟು ಹಾರಿಹೋಯ್ತು.

"ಯಾವುದದು?" ಅಂದ ರಾಜ.

ತೋಟದ ಕೆಂಚಮ್ಮ ಅವರೆ ಬಳ್ಳಿ ಕಡೆ ಕೈ ತೋರಿಸಿ, "ಅವರೆ ತಿಗಣೆ, ಬುದ್ಧೀ" ಅಂದ್ಲು.

ಬಳ್ಳಿ ಮುಂದೆ ಮಂತ್ರಿ ಪುಟ್ಟಶಾಮಯ್ಯನೋರ ಮೇನೆ ನಿಂತಿತ್ತು. ಒಳಗೆ ಅವರು.

"ಅವರೇನಾ?"

"ಹೂಂ, ಅವರೇನೇ."

"ಇಷ್ಟು ದಿನ ಹೇಳ್ಲೇ ಇಲ್ವಲ್ಲ ಪುಟ್ಟಶಾಮಯ್ಯ" ಅಂದ ರಾಜ.

"ನಾನು ಮನುಷ್ಯ, ಬುದ್ಧೀ."

"ಅದನ್ನ ಲಕ್ಷಣ ಹೇಳ್ಬೇಕು. ಕೆಂಚಮ್ಮ, ತಿಗಣೆ ಹೇಗಿರ್ತದೆ?"

"ಬೆನ್ನ ಮೇಲೆ ಮುಕ್ಕೋಣ ಇರ್ತದೆ."

ಮಂತ್ರಿ ಬೆನ್ನ ಮೇಲೆ ಮಡಿಸಿದ ಶಲ್ಯ. ಮುಕ್ಕೋಣ.

"ರೆಕ್ಕೆ ಅರ್ಧ ದಪ್ಪ, ಅರ್ಧ ತೆಳು."

ಶಲ್ಯ ಅರ್ಧ ಸವೆದಿತ್ತು.

"ಚೂಪು ಮೂತಿ ಎದೆ ಕೆಳಗೆ ಮಡಚ್ಕೊಂಡಿರ್ತದೆ."

ಮಂತ್ರಿ ನಾಚಿ ತಲೆ ತಗ್ಗಿಸಿದ್ರು. ಮೂಗು ಎದೆಗೆ ತಾಗ್ತು.

"ಆರು ಕಾಲು."

"ಬದುಕ್ದೆ" ಅಂದ್ರು ಮಂತ್ರಿ. "ನನಗೆ ಎರಡೇ."

ರಾಜ ಬಗ್ಗಿ ಎಣಿಸ್ದ. ಮೇನೆ ಹೊರೋರು ಇಬ್ರು, ನಾಲ್ಕು ಕಾಲು. ಒಳಗೆ ಎರಡು.

"ಆರು. ಇವರನ್ನ ಬಳ್ಳಿ ಹತ್ತಿಸಿ. ಇನ್ಮೇಲೆ ಮನೆಗೆ ಹೋಗೋ ಹಾಗಿಲ್ಲ."

ಮಂತ್ರಿ ಕಣ್ಣಲ್ಲಿ ನೀರು. ಆವತ್ತು ಮನೇಲಿ ಹಿತಕಿದವರೆ ಸಾರು.

"ನಾನು ಇಳಿದ್ರೆ?" ಅಂದ್ರು. ಇಳಿದ್ರು.

ರಾಜ ಮತ್ತೆ ಎಣಿಸ್ದ. ಎರಡೇ. "ಸರಿ, ಹೋಗಿ. ಮೇನೆ ಹತ್ತಿದ ದಿನ ನೀವು ತಿಗಣೆ."

ಮಂತ್ರಿ ಎದ್ದು ಬಿದ್ದು ನಡ್ಕೊಂಡು ಮನೆ ಸೇರಿದ್ರು. ಬಾಗಿಲು ತಟ್ಟಿದ್ರು. ಸಾರಿನ ಘಮ ಬರ್ತಿತ್ತು.

"ಯಾರೇ ಅದು?" ಅಂದ್ರು ಒಳಗಿಂದ ಅವರ ತಾಯಿ.

ಹೆಂಡತಿ ಕಿಟಕೀಲಿ ಇಣುಕಿದ್ರು. ಗಂಡನ ಹೆಸರು ಬಾಯಲ್ಲಿ ಹೇಳೋರಲ್ಲ ಅವರು.

"ಅವರೇ" ಅಂದ್ರು.

ಮಂತ್ರಿ ಬಾಗಿಲಿಂದ್ಲೇ ತಿರುಗಿದ್ರು. ವಾಪಸ್ ಹೋಗಿ ಬಳ್ಳಿ ಹತ್ತಿ ಕೂತ್ರು.

ಅವರು ಅಲ್ಲಿ, ನಾವು ಇಲ್ಲಿ. ನೀತಿ ಏನಂದ್ರೆ, ಶಲ್ಯ ನೆಟ್ಟಗೆ ಹೊದ್ಕೋಬೇಕು.

ಈ ಕತೇನ ಮನೇಲೂ ಹೇಳ್ದೆ. ನಮ್ಮವಳು ಪೂರ್ತಿ ಕೇಳಿದ್ಲು. ಆಮೇಲೆ ಬಗ್ಗಿ, ನಾನು ಕೂತಿದ್ದ ಕುರ್ಚಿ ಕೆಳಗೆ ನೋಡಿದ್ಲು.

"ಕುರ್ಚಿದು ನಾಲ್ಕು, ನಿಮ್ದು ಎರಡು" ಅಂದ್ಲು. "ಇಳಿದು ಬಂದು ಅವರೆಕಾಯಿ ಸುಲೀರಿ."