ಮರಿಗಳ ದಡಕ್ಕೊಂದು ಕಾನೂನು

ದಕ್ಷಿಣ ಧ್ರುವದ ಹಿಮದ ಮೇಲೆ ಪ್ರಾಣಿಗಳ ಮಹಾಸಭೆ ಸೇರಿತ್ತು. ಅಲ್ಲಿ ಒಬ್ಬರು ಬೇಡವೆಂದರೂ ಕಾನೂನು ಆಗುವಂತಿರಲಿಲ್ಲ.

"ನಮ್ಮ ಮರಿಗಳಿರುವ ದಡದಲ್ಲಿ ಬೇಟೆ ನಿಲ್ಲಿಸಿ," ಎಂದು ಪೆಂಗ್ವಿನಮ್ಮ ರೆಕ್ಕೆ ಜೋಡಿಸಿ ಕೇಳಿದಳು. ಎಲ್ಲರೂ ತಲೆದೂಗಿದರು. ಆ ಮರಿಗಳನ್ನೇ ತಿಂದು ಕೊಬ್ಬಿದ್ದ ಸೀಲ್‌ರಾಯರು ಮಾತ್ರ ಗಂಟಲು ಸರಿಮಾಡಿಕೊಂಡರು.

"ಮರಿಗಳೆಂದರೆ ನನಗೂ ಪ್ರಾಣ. ಆದರೆ ಮೊದಲು ಅಧ್ಯಯನವಾಗಲಿ. ನಾನೇ ಮಾಡುತ್ತೇನೆ."

"ಇವರಿಗಿಂತ ಅನುಭವಸ್ಥರು ಯಾರಿದ್ದಾರೆ?" ಎಂದರು ಅಧ್ಯಕ್ಷರಾದ ತಿಮಿಂಗಿಲ.

ಮರುವರ್ಷ ಸೀಲ್‌ರಾಯರು ಇನ್ನಷ್ಟು ದುಂಡಗಾಗಿ ಬಂದರು. "ಅಧ್ಯಯನ ಮುಗಿಯಿತು. ಆ ದಡದಲ್ಲಿ ಈಗ ಒಂದು ಮರಿಯೂ ಇಲ್ಲ. ಕಾನೂನಿಗೆ ನನ್ನ ಅಭ್ಯಂತರವಿಲ್ಲ."

ಕಾನೂನು ಒಮ್ಮತದಿಂದ ಪಾಸಾಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಖಾಲಿ ದಡವನ್ನೇ ನೋಡುತ್ತಿದ್ದ ಪೆಂಗ್ವಿನಮ್ಮನನ್ನು ಅಧ್ಯಕ್ಷರು ವಂದನಾರ್ಪಣೆಗೆ ಕರೆದರು.