ಚನ್ನವೀರಪ್ಪನ ಕಾರಿನ ಗಾರ್ಡು

ಮೂರನೆಯ ದಿನವೇ ಹೊಸ ದೊಡ್ಡ ಕಾರು ಮನೆಯ ಗೇಟಿಗೆ ತಾಗಿ ಬಂಪರು ಸೀಳಿಹೋಯಿತು. ಚನ್ನವೀರಪ್ಪ ಬೇರೆ ಬಂಪರು ಹಾಕಿಸಿ, ಅದರ ಮುಂದೆ ದಪ್ಪ ಕಬ್ಬಿಣದ ಗಾರ್ಡನ್ನೂ ಬಿಗಿಸಿದ.

“ಇಷ್ಟು ದೊಡ್ಡ ಗಾಡಿಗೆ ಪ್ಲಾಸ್ಟಿಕ್ಕಿನ ಮೂತಿ! ಈಗ ನೋಡು, ಹೆಂಗೈತಿ?” ಎಂದ.

“ಗೇಟು ಹತ್ತು ವರ್ಷದಿಂದ ಅಲ್ಲೇ ಐತಲ್ರೀ, ನಿಮಗ ಕಾಣಲಿಲ್ಲೇನು?” ಎಂದಳು ಹೆಂಡತಿ ಗಂಗವ್ವ.

ಅವನು ಒಬ್ಬನೇ ಹೆದ್ದಾರಿ ಹಿಡಿದ.

“ಹಿಂದೆ ಸರಿ, ಹಪ್ಪಳವೇ. ಇನ್ನು ಯಜಮಾನರನ್ನು ಕಾಯುವವನು ನಾನು,” ಎಂದಿತು ಗಾರ್ಡು.

ಬಂಪರು ಹೇಳಿತು: “ಮುರಿಯುವುದೇ ನನ್ನ ಕೆಲಸ. ನಾನೂ ನನ್ನ ಹಿಂದಿನ ತಗಡೂ ನಜ್ಜುಗುಜ್ಜಾದರೆ ಏಟು ನಮ್ಮಲ್ಲೇ ಮುಗಿಯುತ್ತದೆ. ನೀನೇನು ಮಾಡುತ್ತೀ?”

“ತಡೆಯುತ್ತೇನೆ.”

“ತಡೆದು ಎಲ್ಲಿಗೆ ಕಳಿಸುತ್ತೀ? ನಿನ್ನನ್ನು ನೇರ ಚಾಸಿಗೆ, ಕಾರಿನ ಅಡಿಯ ಚೌಕಟ್ಟಿಗೇ, ಬಿಗಿದಿದ್ದಾರೆ. ಯಜಮಾನರು ಕೂತಿರುವುದು ಅದರ ಮೇಲೆ.”

“ಬಾಗುವವರ ಬುದ್ಧಿವಾದ ನನಗೆ ಬೇಡ.”

ತಿರುವಿನಾಚೆ ಕಬ್ಬು ತುಂಬಿದ ಟ್ರೇಲರು ಕೆಟ್ಟು ನಿಂತಿತ್ತು. ಚನ್ನವೀರಪ್ಪ ಬ್ರೇಕು ತುಳಿದ. ಕಾರು ನಿಲ್ಲದೆ ಜಾರಿತು.

“ಬಾಗು! ಗೇಣುದ್ದವಾದರೂ ಬಾಗು!” ಎಂದು ಬಂಪರು ಕೂಗಿತು.

ಗಾರ್ಡು ಬಾಗಲಿಲ್ಲ. ತಗಡಿಗೆ ಮಡಚಿಕೊಳ್ಳಲು ಎಡೆಯೇ ಸಿಗಲಿಲ್ಲ. ಏಟೆಲ್ಲ ಒಳಗೆ ಹೋಯಿತು.

ಕಾರಿಗೆ ಹೆಚ್ಚೇನೂ ಆಗಿರಲಿಲ್ಲ. ಚನ್ನವೀರಪ್ಪನನ್ನು ಮರುದಿನ ಮಣ್ಣು ಮಾಡಿದರು.