ಕೆನೆಬಣ್ಣದ ಸೀಟು

"ಗುರುಗಳೇ, ಎಲ್ಲವನ್ನೂ ಜೋಪಾನ ಮಾಡಿಕೊಂಡು ಬಂದವನಿಗೂ ಕೇಡು ತಪ್ಪುವುದಿಲ್ಲವಲ್ಲ, ಅದು ಏಕೆ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯನಿಗೆ ಪ್ರಶ್ನೆ ಕೇಳುವ ಚಪಲ ಬಹಳ. ಉತ್ತರ ಮುಗಿಯುವ ಮೊದಲೇ ಎಲ್ಲ ಅರ್ಥವಾದವನಂತೆ ತಲೆಯಾಡಿಸುವ ಚಪಲವೂ ಇತ್ತು. ಬೇರೆ ದಿನವಾಗಿದ್ದರೆ ಗುರುಗಳು ಅದನ್ನೇ ಹಿಡಿದು ಅವನನ್ನು ಸ್ವಲ್ಪ ಗೋಳು ಹೊಯ್ದುಕೊಳ್ಳುತ್ತಿದ್ದರು. ಆ ದಿನ ಅವರಿಗೆ ತಮಾಷೆ ಬೇಕಾಗಿರಲಿಲ್ಲ. "ಕೂತುಕೋ, ಹೇಳುತ್ತೇನೆ" ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ತಾಯಿಯ ಮುಖ ಅವನಿಗೆ ನೆನಪಿರಲಿಲ್ಲ. ಅವನನ್ನು ಸಾಕಿದವಳು ಅಕ್ಕ. ಆಟವಾಡುವ ವಯಸ್ಸಿನಲ್ಲೇ ಅವಳು ತಮ್ಮನನ್ನು ಸೀರೆಯ ತುಂಡಿನಲ್ಲಿ ಬೆನ್ನಿಗೆ ಬಿಗಿದುಕೊಂಡು, ತಲೆಯ ಮೇಲೆ ಪಾತ್ರೆಯ ಬುಟ್ಟಿ ಹೊತ್ತು, ಹಳೆ ಬಟ್ಟೆಗೆ ಪಾತ್ರೆ ಎಂದು ಕೂಗುತ್ತಾ ಓಣಿ ಓಣಿ ಅಲೆದಳು. ತಮ್ಮನ ದೆಸೆಯಿಂದ ಮದುವೆಯ ಮಾತನ್ನೇ ಎತ್ತಗೊಡಲಿಲ್ಲ. ಆ ಬುಟ್ಟಿಯಿಂದಲೇ ಮುಂದೆ ಒಂದು ಅಂಗಡಿಯಾಯಿತು. ತಮ್ಮ ದೊಡ್ಡವನಾಗಿ ಅಂಗಡಿಯ ಗಲ್ಲಾದ ಮೇಲೆ ಕೂತ, ಮನೆಗೆ ಹೆಂಡತಿಯೂ ಬಂದಳು. ಅಷ್ಟು ಹೊತ್ತಿಗೆ ಅಕ್ಕನ ಮಂಡಿಗಳು ಸವೆದು, ಬಾಗಿಲಿನಿಂದ ಬೀದಿಗೆ ಇಳಿಯುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು.

ವ್ಯಾಪಾರಿ ಕಾರು ಕೊಂಡದ್ದು ಅಕ್ಕನಿಗಾಗಿ. ಇದು ಬಾಯಿಮಾತಲ್ಲ. ತನ್ನನ್ನು ಹೊತ್ತು ತಿರುಗಿದವಳು ಇನ್ನು ನೆಲಕ್ಕೆ ಕಾಲಿಡಬಾರದು ಎಂಬುದು ಅವನ ಆಸೆ. ಕಾರು ಮನೆ ಮುಂದೆ ಬಂದ ದಿನ ಅಕ್ಕನೇ ಆರತಿ ಬೆಳಗಿದಳು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು, ದೃಷ್ಟಿ ತೆಗೆದಳು. ಹಿಂದಿನ ಸೀಟಿನಲ್ಲಿ ಮೊದಲು ಕೂತವಳೂ ಅವಳೇ. ಸೀಟು ಕೆನೆಬಣ್ಣದ್ದು. ಅದನ್ನು ಅಂಗೈಯಿಂದ ಸವರಿ ನೋಡಿ ಅವಳು ಸುಮ್ಮನೆ ಅತ್ತಳು. ಅದನ್ನು ನೋಡಿ ಅವನೂ ಅತ್ತ.

ಆದರೆ ಪಾತ್ರೆ ವ್ಯಾಪಾರದಲ್ಲಿ ಹೊಳಪೇ ಬಂಡವಾಳ. ನೆಗ್ಗಿದ ಕೊಡವನ್ನು, ಗೀರು ಬಿದ್ದ ತಟ್ಟೆಯನ್ನು ಗಿರಾಕಿ ಕೈಯಲ್ಲಿ ಹಿಡಿದೂ ನೋಡುವುದಿಲ್ಲ. ಹುಟ್ಟಿದಾಗಿನಿಂದ ಒರೆಸಿ, ತಿಕ್ಕಿ, ಹೊಳೆಯಿಸಿ ಬದುಕಿದವನ ಕಣ್ಣು ಎಲ್ಲಿ ಹೋದರೂ ಮೊದಲು ಕಲೆಯನ್ನೇ ಹುಡುಕುತ್ತದೆ. ಕಾರನ್ನೂ ಅವನು ಆ ಕಣ್ಣಿನಿಂದಲೇ ನೋಡಿದ. ಬೆಳಗಾದರೆ ಹಲ್ಲುಜ್ಜುವ ಮೊದಲು ಕಾರು ತೊಳೆದ. ಬಂಪರಿಗೆ ಇನ್ನೊಂದು ಕಬ್ಬಿಣದ ಬಂಪರು ಕಟ್ಟಿಸಿದ. ಟೈರಿಗೆ ಕಪ್ಪು ಪಾಲಿಶ್ ಬಳಿದ. ಆ ಟೈರಿನೊಳಗೆ ಗಾಳಿ ಎಷ್ಟಿದೆ, ನೆಲಕ್ಕೆ ತಾಗುವ ಗೆರೆಗಳು ಎಷ್ಟು ಉಳಿದಿವೆ ಎಂದು ಬಗ್ಗಿ ನೋಡಲಿಲ್ಲ. ವರ್ಷಗಳು ಕಳೆದು ಟೈರುಗಳು ಹೊಳೆಯುತ್ತಲೇ ಸವೆದವು. ಗ್ಯಾರೇಜಿನವನು ಬದಲಾಯಿಸಲು ಹೇಳಿದಾಗ ವ್ಯಾಪಾರಿಗೆ ನಗು ಬಂತು. ಇಷ್ಟು ಹೊಸದಾಗಿ ಕಾಣುವ ಟೈರನ್ನು ಬದಲಾಯಿಸು ಅನ್ನುತ್ತಾನಲ್ಲ, ಬರೀ ವ್ಯಾಪಾರದ ಮಾತು ಅಂದುಕೊಂಡ. ವ್ಯಾಪಾರದ ಮಾತು ಅವನಿಗೆ ಹೊಸದಾಗಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅವನ ಜೀವ ಇದ್ದದ್ದು ಸೀಟಿನ ಮೇಲೆ. ಕೆನೆಬಣ್ಣದ ಬಟ್ಟೆಗೆ ಬೆವರು ಹತ್ತಿದರೂ ಗುರುತು ಬೀಳುತ್ತದೆ. ಕಾರು ಬಂದ ವಾರದಲ್ಲೇ ಅವನು ಅದನ್ನು ಸೀಟಿಗೆ ಕವರ್ ಹಾಕುವ ಅಂಗಡಿಗೆ ಒಯ್ದ. ಅದೇ ಬಣ್ಣದ ರೆಕ್ಸಿನ್ ಆರಿಸಿದ. ಮೈಗೆ ಚರ್ಮ ಕೂತಂತೆ ಕೂರಬೇಕು, ಎಲ್ಲೂ ನೆರಿಗೆ ಬೀಳಬಾರದು ಎಂದು ಹತ್ತಿರವೇ ನಿಂತು ಮಾಡಿಸಿದ. ಕವರ್ ಹಾಕುವವನು ಹಿಂದಿನ ಸೀಟಿಗೆ ಬಂದಾಗ ಕತ್ತರಿ ಹಿಡಿದುಕೊಂಡು ನಿಂತ.

"ಅಣ್ಣಾರ, ಇಲ್ಲಿ ಬೆಲ್ಟ್ ಸಿಗಿಸೂ ಲಾಕ್ ಅದಾವ. ಇವಕ್ಕ ಸೀಳು ಬಿಡ್ಲೋ, ಒಳಗ ಮುಚ್ಚಿಬಿಡ್ಲೋ?"

"ಸೀಳು ಬಿಟ್ರ ನೋಡಾಕ ಹೆಂಗ ಕಾಣ್ತೈತಿ?"

"ಅಷ್ಟು ಚಂದ ಬರಂಗಿಲ್ರಿ. ಹಿಂದ ಯಾರೂ ಬೆಲ್ಟ್ ಹಾಕೋದಿಲ್ಲಂತ ಭಾಳ ಮಂದಿ ಮುಚ್ಚಿಸಿಬಿಡ್ತಾರ."

"ಹಂಗಾದ್ರ ಮುಚ್ಚಿಬಿಡು."

ರೆಕ್ಸಿನ್ ಎಳೆದು ಕಟ್ಟಿದರು. ಲಾಕುಗಳು ಒಳಗೆ ಉಳಿದವು. ಮೇಲಿನಿಂದ ಇಳಿದ ಬೆಲ್ಟು ಸಿಗಿಸಲು ಜಾಗವಿಲ್ಲದೆ ಬಾಗಿಲ ಪಕ್ಕದ ಕಂಬಕ್ಕೆ ಒರಗಿಕೊಂಡು ನೇತಾಡಿತು. ಹಿಂದಿನ ಸೀಟು ಈಗ ಮದುವೆಮನೆಯ ಸೋಫಾದಂತೆ ಕಾಣುತ್ತಿತ್ತು. ವ್ಯಾಪಾರಿ ಅದನ್ನು ಎರಡೂ ಬಾಗಿಲುಗಳಿಂದ ನೋಡಿ ಸಂತೋಷಪಟ್ಟ. ಮುಂದಿನ ಬೆಲ್ಟುಗಳ ಗೊಡವೆಗೆ ಅವನು ಹೋಗಲಿಲ್ಲ. ಅವನ್ನು ಹಾಕದಿದ್ದರೆ ಕಾರು ಕಿವಿ ತೂತಾಗುವಂತೆ ಕೂಗುತ್ತದೆ, ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಾಕುತ್ತಾರೆ. ಹಿಂದಿನ ಸೀಟಿಗೆ ಆ ಕಾಟ ಇರಲಿಲ್ಲ.

ಅಕ್ಕ ಆ ಕಾರಿನಲ್ಲಿ ಬಹಳ ಮರ್ಯಾದೆಯಿಂದ ಓಡಾಡಿದಳು. ಹತ್ತುವ ಮೊದಲು ಕಾಲು ಒರೆಸಿಕೊಳ್ಳುತ್ತಿದ್ದಳು. ಬಾಯಲ್ಲಿನ ಎಲೆಅಡಿಕೆಯನ್ನು ಮನೆಯ ಹಿತ್ತಲಲ್ಲೇ ಉಗಿದು ಬರುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿದ ದಿನ ತಾನಾಗಿಯೇ ಟವೆಲ್ಲು ಹಾಸಿಕೊಂಡು ಒರಗುತ್ತಿದ್ದಳು. ಇದು ಕಾರೋ ದೇವರ ಕೋಣೆಯೋ ಎಂದು ತಮ್ಮನನ್ನು ಕಾಡಿಸುತ್ತಿದ್ದಳು. ಒಳಗೊಳಗೇ ಅವಳಿಗೂ ಹೆಮ್ಮೆ. ತಮ್ಮನ ವಸ್ತುವಿಗೆ ತನ್ನಿಂದ ಒಂದು ಕಲೆ ಆಗಬಾರದು ಎಂದು ಅವಳು ಅವನಿಗಿಂತ ಹೆಚ್ಚು ಹೆದರಿಕೊಂಡು ಕೂರುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಟೀಚರು ಅವಳನ್ನು ತಮ್ಮ ಕಾರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹಿಂದೆ ಕೂರಿಸಿ, ಕೈಯಾರೆ ಬೆಲ್ಟು ಹಾಕಿದರು. ಅಕ್ಕನಿಗೆ ಅದು ಬಹಳ ಹಿಡಿಸಿತು. ಅದಾದ ಕೆಲವೇ ದಿನಕ್ಕೆ ಸಂಬಂಧಿಕರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ ಬಂತು. ಮೂವರೂ ಹೊರಟರು. ಗಂಡ ಹೆಂಡತಿ ಮುಂದೆ, ಅಕ್ಕ ಹಿಂದೆ. ಕಾರು ಇನ್ನೂ ಓಣಿ ದಾಟಿರಲಿಲ್ಲ, ಅಕ್ಕ ಸೀಟಿನ ಮೇಲೆ ಅಲ್ಲಲ್ಲಿ ಕೈಯಾಡಿಸಿ ತಡಕಾಡಿದಳು.

"ತಮ್ಮಾ, ಆ ಪಟ್ಟಿ ಎಲ್ಲಿ ಸಿಗಸ್ತಾರೋ? ಟೀಚರ್ ಕಾರಿನ್ಯಾಗ ನನಗ ಹಾಕಿದ್ರು. ನಿನ್ನನ್ನ ಬೆನ್ನಿಗೆ ಕಟ್ಕೊಂತಿದ್ನಲ್ಲ, ಹಂಗ ಗಟ್ಟಿ ಕುಂದ್ರಸ್ತೈತಿ ನೋಡು."

"ಅದು ಕವರಿನ ಒಳಗ ಹೋಗೇತಿ ಅಕ್ಕಾ. ತಗೀಬೇಕಂದ್ರ ಕವರ್ ಹರೀಬೇಕು. ಹಿಂದ ಕುಂತವ್ರಿಗೆ ಅದೇನೂ ಬ್ಯಾಡ, ಆರಾಮ ಕುಂದ್ರು."

"ಹರೀಬ್ಯಾಡಪಾ! ಇಷ್ಟು ಚಂದನ್ನದ್ದು ಯಾಕ ಹರೀತಿ" ಎಂದು ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಕೇಳಿದ್ದೇ ತಪ್ಪಾಯಿತೇನೋ ಎಂಬಂತೆ ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಆಮೇಲೆ ನಡುವಿಗೆ ಸರಿದು, ಮುಂದಿನ ಎರಡು ಸೀಟುಗಳ ನಡುವೆ ಮುಖ ಚಾಚಿ, ಕೂಸಿಗೆ ಯಾವ ಹೆಸರಿಟ್ಟರೆ ಚೆನ್ನ ಎಂದು ಮಾತು ತೆಗೆದಳು.

ವ್ಯಾಪಾರಿ ಜೋರಾಗಿ ಓಡಿಸುತ್ತಿರಲಿಲ್ಲ. ಇದನ್ನು ಅವನು ಆಮೇಲೆ ಎಲ್ಲರಿಗೂ ಹೇಳಿದ, ಅದು ನಿಜವೂ ಹೌದು. ರಸ್ತೆಗೆ ಸಣ್ಣ ಹನಿ ಬಿದ್ದಿತ್ತು. ಮುಂದೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರು ಹೋಗುತ್ತಿತ್ತು. ಅವನು ಅದಕ್ಕೆ ತೀರ ಹತ್ತಿರದಲ್ಲಿದ್ದ. ಜಾಗ ಬಿಟ್ಟರೆ ನಡುವೆ ಬೈಕಿನವರು ನುಗ್ಗಿ ಬಾಗಿಲಿಗೆ ಗೀರು ಹಾಕುತ್ತಾರೆ ಎಂಬುದು ಅವನ ಲೆಕ್ಕ. ಟ್ರ್ಯಾಕ್ಟರು ಹೊಲದ ದಾರಿಗೆ ತಿರುಗಲೆಂದು ನಿಂತಿತು. ಅವನು ಇದ್ದ ಬಲವನ್ನೆಲ್ಲ ಹಾಕಿ ಬ್ರೇಕು ಒತ್ತಿದ. ಬ್ರೇಕು ಹಿಡಿಯಿತು, ಚಕ್ರವೂ ನಿಂತಿತು. ಸವೆದ ಟೈರು ಒದ್ದೆ ರಸ್ತೆಯನ್ನು ಹಿಡಿಯಲಿಲ್ಲ. ಕಾರು ಜಾರುತ್ತಾ ಹೋಗಿ ಟ್ರೇಲರಿಗೆ ಬಡಿಯಿತು.

ಗಂಡ ಹೆಂಡತಿ ಇಬ್ಬರ ಎದೆಯ ಮೇಲೂ ಬೆಲ್ಟಿನ ಬಾಸುಂಡೆ ಎದ್ದಿತು, ಅಷ್ಟೇ. ಅಕ್ಕನನ್ನು ಹಿಡಿದು ನಿಲ್ಲಿಸಲು ಏನೂ ಇರಲಿಲ್ಲ. ಅವಳು ಅವರಿಬ್ಬರ ನಡುವಿನಿಂದ ಮುಂದಕ್ಕೆ ಹೋಗಿ ಗಾಜಿಗೆ ಬಡಿದಳು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವ್ಯಾಪಾರಿ ಅಕ್ಕಾ ಅಕ್ಕಾ ಎಂದು ಕರೆದ. ಅವಳಿಗೆ ಸ್ವಲ್ಪ ಹೊತ್ತು ಪ್ರಜ್ಞೆ ಇತ್ತು, ಮಾತಿರಲಿಲ್ಲ. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು.

ಮಣ್ಣು ಮಾಡಿದ ಮೇಲೆ ಅವನು ಕಾರು ನಿಲ್ಲಿಸಿದ್ದ ಜಾಗಕ್ಕೆ ಹೋದ. ಅಕ್ಕನ ಚಪ್ಪಲಿ ಒಳಗೇ ಉಳಿದಿವೆ, ತರುತ್ತೇನೆ ಎಂದು ಹೆಂಡತಿಗೆ ಹೇಳಿ ಹೋಗಿದ್ದ. ಮುಂಭಾಗ ಅಪ್ಪಚ್ಚಿಯಾಗಿತ್ತು. ಹಿಂದಿನ ಬಾಗಿಲು ಎಂದಿನಂತೆ ಸಲೀಸಾಗಿ ತೆರೆಯಿತು. ಅವನು ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತ, ಚಪ್ಪಲಿ ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಕವರಿನ ಹೊಲಿಗೆಗೆ ಉಗುರು ಹಾಕಿ ಎಳೆದ. ಚೆನ್ನಾಗಿ ಹೊಲಿದಿದ್ದರು, ಬರಲಿಲ್ಲ. ಹಲ್ಲು ಹಚ್ಚಿದ. ಉಗುರು ಕಿತ್ತು ರಕ್ತ ಬಂತು, ಬಿಡಲಿಲ್ಲ. ಕೊನೆಗೆ ರೆಕ್ಸಿನ್ ಹರಿದು ಕೈ ಒಳಗೆ ಹೋಯಿತು. ಕಂಪನಿಯ ತೆಳು ಪ್ಲಾಸ್ಟಿಕ್ಕು ಸುತ್ತಿಕೊಂಡೇ ಲಾಕು ಅಲ್ಲಿತ್ತು. ಪ್ಲಾಸ್ಟಿಕ್ಕು ಕಿತ್ತು, ನೇತಾಡುತ್ತಿದ್ದ ಬೆಲ್ಟನ್ನು ಎಳೆದು ಸಿಗಿಸಿದ. ಟಕ್ಕೆಂದು ಕೂತಿತು. ಬಿಚ್ಚಿದ, ಮತ್ತೆ ಸಿಗಿಸಿದ, ಮತ್ತೆ ಕೂತಿತು. ಅದು ಕೆಟ್ಟಿದ್ದರೆ ಅವನಿಗೆ ಅಳುವುದಕ್ಕಾದರೂ ಆಗುತ್ತಿತ್ತು.

ಅಕ್ಕನ ದಿನದ ಕಾರ್ಯಕ್ಕೆ ನೆಂಟರೆಲ್ಲ ಬಂದರು. ವ್ಯಾಪಾರಿ ಒಬ್ಬೊಬ್ಬರನ್ನೇ ಹಿಡಿದು ಕೂರಿಸಿ ಹೇಳಿದ. ಹಿಂದೆ ಕೂತವರಿಗೂ ಬೆಲ್ಟು ಹಾಕಿಸಿ. ಲಾಕು ಮುಚ್ಚಿದ್ದರೆ ಕವರನ್ನು ಕತ್ತರಿಸಿಬಿಡಿ. ಟೈರನ್ನು ಬಗ್ಗಿ ನೋಡಿ, ಗೆರೆಯೊಳಗೆ ಬೆರಳಿಟ್ಟು ನೋಡಿ. ಮುಂದಿನ ಗಾಡಿಯಿಂದ ದೂರ ಇರಿ. ಅವರು ಲೊಚಗುಟ್ಟಿದರು. ಎಲ್ಲ ಅವಳ ಹಣೆಬರಹ ಎಂದರು. ಇಂಥ ತಮ್ಮ ಯಾರಿಗೆ ಸಿಗುತ್ತಾನೆ, ಮಹಾರಾಣಿಯ ಹಾಗೆ ಕಾರಿನಲ್ಲಿ ತಿರುಗಿಸಿದೆ, ನೀನೇನೂ ಕಡಿಮೆ ಮಾಡಲಿಲ್ಲ ಎಂದು ಸಮಾಧಾನ ಹೇಳಿದರು. ಆ ಸಮಾಧಾನ ಅವನನ್ನು ಇನ್ನಷ್ಟು ಸುಟ್ಟಿತು.

ಊಟ ಮುಗಿದು ಅವರು ಹೊರಡಲು ಎದ್ದಾಗ ಅವನು ಬೀದಿಗೆ ಬಂದು ನೋಡಿದ. ಸಾಲಾಗಿ ಕಾರುಗಳು ನಿಂತಿದ್ದವು. ಹೆಚ್ಚಿನವುಗಳ ಹಿಂದಿನ ಸೀಟಿಗೆ ಅಂಥದ್ದೇ ಕವರು, ಅದರ ಮೇಲೆ ಮುದುಕಿಯರು, ಹೆಂಗಸರು, ಮಡಿಲಿನಲ್ಲಿ ಮಕ್ಕಳು. ಅವನು ಒಂದು ಕಾರಿನ ಕಿಟಕಿ ಹಿಡಿದು, ಒಳಗೆ ಕೈ ಹಾಕಿ, ಬೆಲ್ಟು ಹಾಕಿಕೊಳ್ಳಿ, ಇಲ್ಲದಿದ್ದರೆ ಸಾಯುತ್ತೀರಿ ಎಂದು ಕೂಗಿದ. ಮಗು ಹೆದರಿ ಅತ್ತಿತು. ಹೊರಟು ನಿಂತವರ ಮುಂದೆ ಸಾವಿನ ಮಾತು ಆಡಬಾರದು, ಅಪಶಕುನ ಎಂದು ಹಿರಿಯರೊಬ್ಬರು ಅವನ ಬಾಯಿಗೆ ಕೈ ಅಡ್ಡ ಹಿಡಿದರು. ದುಃಖದಲ್ಲಿ ತಲೆ ಕೆಟ್ಟಿದೆ ಪಾಪ ಎಂದು ಅವನನ್ನು ಒಳಗೆ ಕರೆದೊಯ್ದು ಕೂರಿಸಿದರು. ಕಾರುಗಳು ಒಂದರ ಹಿಂದೆ ಒಂದು ಹೊರಟುಹೋದವು. ಎಲ್ಲರೂ ಸುಖವಾಗಿ ಮನೆ ಮುಟ್ಟಿದರು. ಅದರಿಂದ ಅವನ ಮಾತಿಗಿದ್ದ ಅಷ್ಟಿಷ್ಟು ಬೆಲೆಯೂ ಹೋಯಿತು.

ಅವನು ಆಮೇಲೆ ಯಾರಿಗೂ ಹೇಳಲು ಹೋಗಲಿಲ್ಲ. ಅಂಗಡಿಯಲ್ಲಿ ಕೂತಿರುತ್ತಾನೆ. ಪಾತ್ರೆಗಳ ಮೇಲೆ ಧೂಳು ಕೂತಿರುತ್ತದೆ. ಗಿರಾಕಿಗಳು ತಾವೇ ಒರೆಸಿಕೊಂಡು ನೋಡುತ್ತಾರೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯ ಈ ಸಲ ನಡುವೆ ಒಮ್ಮೆಯೂ ತಲೆಯಾಡಿಸಿರಲಿಲ್ಲ. ಅವನಿಗೆ ತನ್ನ ತಾಯಿಯ ನೆನಪಾಗಿತ್ತು. ಆ ಮನುಷ್ಯನಿಗೆ ಒಂದು ಎಳೆಯಷ್ಟಾದರೂ ಸಮಾಧಾನ ಎಲ್ಲಾದರೂ ಉಳಿದಿರಬೇಕು ಎಂದು ಅವನ ಮನಸ್ಸು ಹುಡುಕಿತು.

"ಗುರುಗಳೇ, ಹಾಗಾದರೆ ಅವನು ಅಷ್ಟು ವರ್ಷ ಮಾಡಿದ ಜೋಪಾನವೆಲ್ಲ ನೀರಿನಲ್ಲಿ ಹೋಮವಾಯಿತೇ?"

"ಏಕೆ, ಅಕ್ಕ ಸತ್ತ ದಿನವೂ ಹಿಂದಿನ ಸೀಟಿಗೆ ಒಂದು ಕಲೆಯೂ ಆಗಿರಲಿಲ್ಲ" ಎಂದರು ಗುರುಗಳು.